ಪಾಂಡವರ ಮನೆಯಲ್ಲಿ ಹೊಗೆ

ಬೂದಿಕೋಟೆಯಾಚೆಯ ಬೆಟ್ಟದ ನೆತ್ತಿಯಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಹನ್ನೊಂದು ಕಲ್ಲುಮನೆಗಳಿವೆ. ಒಂದೊಂದರ ಮುಂದೆಯೂ ಆಳು ತೂರುವಷ್ಟು ದುಂಡನೆಯ ಕಂಡಿ. ಯಾರು ಕಟ್ಟಿದರೋ, ಯಾವ ಕಾಲವೋ ಯಾರಿಗೂ ಗೊತ್ತಿಲ್ಲ. ನಾವು ಪಾಂಡವರ ಮನೆ ಅನ್ನುತ್ತೇವೆ. ಎಂಬತ್ತೆರಡರಲ್ಲಿ ಕಂಟ್ರಾಕ್ಟರ್ ಬಚ್ಚಪ್ಪ ಅವನ್ನು ಒಡೆದು ಜಲ್ಲಿ ಮಾಡಲು ನಮ್ಮೂರಿನ ಆರು ಹೆಂಗಸರನ್ನು ಕೂಲಿಗೆ ಕರೆದ. ಅವರಲ್ಲಿ ನಾನೂ ಒಬ್ಬಳು.

"ಇವು ಮನೆ. ಮನೆ ಒಡೆಯಾಕಿಲ್ಲ ನಾವು," ಅಂದಳು ನಮ್ಮ ಪಾಪಕ್ಕ.

"ಮನೆಯಂತೆ ಮನೆ! ಬರೀ ಬಂಡೆ ಕಣಮ್ಮಿ. ನಾನು ಉಂಡು ಬರಾದ್ರೊಳಗೆ ಒಂದಾದ್ರೂ ಬಿದ್ದಿರ್ಬೇಕು," ಎಂದು ಗದರಿ ಅವನು ಬೆಟ್ಟ ಇಳಿದ.

ಪಾಪಕ್ಕ ಸುತ್ತಿಗೆ ಬಿಸಾಕಿದಳು. ಮಧ್ಯಾಹ್ನಕ್ಕೆಂದು ತಂದಿದ್ದ ರಾಗಿಹಿಟ್ಟು, ಪಾತ್ರೆ ಹಿಡಿದು ಒಂದು ಮನೆಯ ಕಂಡಿಯೊಳಗೆ ತೂರಿ, ಮೂರು ಕಲ್ಲಿಟ್ಟು ಒಲೆ ಹಚ್ಚಿದಳು. ನಾವೂ ಐವರು ನುಗ್ಗಿ ಒತ್ತೊತ್ತಾಗಿ ಕೂತೆವು.

ಬಚ್ಚಪ್ಪ ಮರಳಿದಾಗ ಹೊರಗೆ ಒಂದು ನರಪಿಳ್ಳೆಯಿಲ್ಲ, ಕಂಡಿಯಲ್ಲಿ ಹೊಗೆ. ಹುಟ್ಟಿದಾಗಿನ ಅಭ್ಯಾಸ ಎಲ್ಲಿ ಬಿಡುತ್ತದೆ? ಪಾಪಕ್ಕ ಬಿಸಾಕಿದ್ದ ಸುತ್ತಿಗೆ ಎತ್ತಿಕೊಂಡು ಬಂದ ಆ ದುರಹಂಕಾರಿ, ಕಂಡಿಯ ಮುಂದೆ ಮೆಟ್ಟು ಕಳಚಿಟ್ಟು, ಬಗ್ಗಿ, ಮೆತ್ತಗೆ ಕೂಗಿದ: "ಯಾರಮ್ಮಾ ಮನೇಲಿ?"

ನಾವು ಬಿದ್ದೂ ಬಿದ್ದೂ ನಕ್ಕೆವು. ಪಾಪಕ್ಕ ನಗಲಿಲ್ಲ. ಮುದ್ದೆಕೋಲು ಹಿಡಿದೇ ಕಂಡಿಯಿಂದ ತಲೆ ಹೊರಗೆ ಹಾಕಿದಳು.

"ನಾವೇ ಕಣಪ್ಪ, ಮನೆಯೋರು. ಮುದ್ದೆ ಆಗೈತೆ, ಉಂಡು ಓಗು. ಸುತ್ತಿಗೆ ಮಾತ್ರ ಒರಗೇ ಬಿಟ್ಟು ಬಾ."