ಸದನದ ಹೊರಗೆ ಹೇಳಿದ ಮಾತು

ಕ್ವೀನ್ಸ್‌ಲ್ಯಾಂಡಿನ ವಿರಾಬಿಲ್ಲಾ ಊರಿನ ಶಾಸಕ ಡಾರ್ಸಿ ಮಲ್ಕ್ವೀನ್ ವಿಧಾನಸಭೆಯಲ್ಲಿ ಎದ್ದು ನಿಂತು, ಮಾಂಸದ ಕಾರ್ಖಾನೆಯ ಇನ್‌ಸ್ಪೆಕ್ಟರ್ ಕ್ಲೆಮ್ ಪಾರ್ಫಿಟ್ ಲಂಚಕೋರ ಎಂದು ಹೆಸರು ಹಿಡಿದು ಹೇಳಿದ. ಕ್ಲೆಮ್ ಮಾಡಿದ್ದ ತಪ್ಪು ಒಂದೇ: ಡಾರ್ಸಿಯ ಗೆಳೆಯನ ಕಾರ್ಖಾನೆಯಲ್ಲಿ ರೋಗ ಹಿಡಿದ ದನಗಳ ಮಾಂಸಕ್ಕೆ ತಿನ್ನಲು ಯೋಗ್ಯವೆಂಬ ಮುದ್ರೆ ಒತ್ತಲು ಒಪ್ಪಿರಲಿಲ್ಲ. ಸದನದೊಳಗೆ ಆಡಿದ ಮಾತಿಗೆ ಕೇಸು ಹಾಕುವಂತಿಲ್ಲ. ಅದು ಗೊತ್ತಿದ್ದೇ ಅವನು ಅಲ್ಲಿ ಆಡಿದ್ದ.

ಕ್ಲೆಮ್ ಕೆಲಸ ಹೋಯಿತು. ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನಲ್ಲಿ ಅವನ ಜೊತೆ ಆಡಲು ಯಾರೂ ಬರಲಿಲ್ಲ. ಅವನು ಹಿತ್ತಲಿನ ಟೊಮೆಟೊ ಗಿಡಗಳ ನಡುವೆ ಸೇರಿಕೊಂಡ. ಅವನ ಹೆಂಡತಿ ಎನಿಡ್ ಮಾತ್ರ ಕುದಿಯುತ್ತಲೇ ಇದ್ದಳು. ಡಾರ್ಸಿ ಎಲ್ಲಿ ಸಭೆ ನಡೆಸಿದರೂ ಹಿಂದಿನ ಸಾಲಿನಿಂದ ಎದ್ದು ಕೇಳುತ್ತಿದ್ದಳು: "ಆ ಮಾತು ಇಲ್ಲಿ ಹೇಳ್ತೀಯಾ, ಡಾರ್ಸಿ?" ಅವನು ನಕ್ಕು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದ. ಹೀಗೆ ಆರು ವರ್ಷ. ಅಷ್ಟರಲ್ಲಿ ಅವನು ಮಂತ್ರಿಯೂ ಆದ.

ಆ ಸಲದ ಕೃಷಿ ಪ್ರದರ್ಶನದಲ್ಲಿ ಕೇಕುಗಳಿಗೆ ಬಹುಮಾನ ಕೊಡಲು ಬಂದ ಡಾರ್ಸಿ ಚೆನ್ನಾಗಿ ಬಿಯರ್ ಏರಿಸಿದ್ದ. ಎನಿಡ್ ಎದುರಿಗೆ ಹೋಗಿ ನಿಂತಳು.

"ಮತ್ತೆ ಬಂದ್ಯಾ? ನಿನ್ಗೆ ಮನೇಲಿ ಕೆಲ್ಸ ಇಲ್ವಾ?"

"ಇದೆ. ಗಂಡಾನೂ ಮನೇಲೇ ಕೂತಿದ್ದಾನೆ, ನಿನ್ನ ದಯೆಯಿಂದ. ಗೋಡೆ ಮರೆ ಇದ್ರೆ ಮಾತ್ರ ನಿನ್ಗೆ ಧೈರ್ಯ ಬರೋದು. ಸ್ಕೂಲಲ್ಲೂ ಮೇಷ್ಟ್ರ ಬೆನ್ನ ಹಿಂದೆ ನಿಂತೇ ನಮ್ಮನ್ನ ಬೈತಿದ್ದೆ."

ಸುತ್ತಲಿದ್ದವರು ಕಿಸಕ್ಕೆಂದರು. ಡಾರ್ಸಿಯ ಕಿವಿ ಕೆಂಪಾಯಿತು.

"ನಿನ್ನ ಗಂಡ ಲಂಚ ತಿಂದ. ಇಲ್ಲೂ ಹೇಳ್ತೀನಿ, ಎಲ್ಲಿ ಬೇಕಾದ್ರೂ ಹೇಳ್ತೀನಿ. ಸಾಕಾ?"

"ಸಾಕು," ಎಂದ ಎನಿಡ್ ಪಕ್ಕದಲ್ಲಿದ್ದ ಪತ್ರಿಕೆಯವನತ್ತ ತಿರುಗಿದಳು. "ಬರ್ಕೊಂಡ್ರಾ?"

ಬರೆದುಕೊಂಡಿದ್ದ. ಸದನದ ಹೊರಗೆ ಆಡಿದ ಮಾತಾದ್ದರಿಂದ ಈ ಸಲ ಕೇಸು ಬಿತ್ತು. ಕೋರ್ಟಿನಲ್ಲಿ ಡಾರ್ಸಿಯ ಬಳಿ ಚೂರೂ ಪುರಾವೆ ಇರಲಿಲ್ಲ. ಪತ್ರಿಕೆಯಲ್ಲಿ ಕ್ಷಮೆ ಕೇಳಿದ, ಮಂತ್ರಿಗಿರಿ ಕಳೆದುಕೊಂಡ. ಎಂಟು ತಿಂಗಳಿಗೆ ಚುನಾವಣೆ ಬಂತು. ಊರು ಅವನನ್ನು ಮೊದಲಿಗಿಂತ ಹೆಚ್ಚು ಮತಗಳಿಂದ ಗೆಲ್ಲಿಸಿತು.

ಮರುದಿನ ಚರ್ಚಿನ ಕೇಕ್ ಮಾರಾಟದಲ್ಲಿ ಎನಿಡ್ ಜೊತೆ ಮೇಜಿಗೆ ನಿಂತಿದ್ದ ಪಕ್ಕದ ಮನೆಯ ಬೆರಿಲ್ ಸಮಾಧಾನ ಹೇಳಿದಳು. "ನಮ್ಗೆಲ್ಲ ಡಾಂಬರು ರಸ್ತೆ ಮಾಡಿಸ್ಕೊಟ್ಟ, ಎನಿಡ್. ನಿನ್ನ ಗಂಡನ ವಿಷ್ಯ ಮುಗೀತಲ್ಲ, ಇನ್ನೇನು?"

"ಆರು ವರ್ಷ ಕ್ಲೆಮ್ ಮುಖ ನೋಡ್ದೆ ಓಡಾಡಿದ್ದು ನೀವು. ಡಾರ್ಸಿ ಕ್ಷಮೆನಾದ್ರೂ ಕೇಳ್ದ. ನೀವು ಯಾವಾಗ ಕೇಳ್ತೀರಾ?"

ಬೆರಿಲ್ ಕೇಕಿನ ಮೇಲಿನ ನೊಣ ಓಡಿಸಿದಳು. ಎನಿಡ್ ಏಪ್ರನ್ ಬಿಚ್ಚಿ ಮೇಜಿನ ಮೇಲೆ ಎಸೆದು ಮನೆಗೆ ನಡೆದಳು.

ಅಲ್ಲಿ ಕ್ಲೆಮ್ ಬೌಲ್ಸ್ ಆಟದ ಬಿಳಿ ಬಟ್ಟೆ ತೊಟ್ಟು ಕ್ಲಬ್ಬಿಗೆ ಹೊರಟಿದ್ದ.

"ಅವ್ರ ಜೊತೆ ಆಡ್ತೀಯಾ?"

"ಕ್ಲಬ್ಬು ನಂದೂ ಹೌದಲ್ವಾ," ಎಂದ ಕ್ಲೆಮ್.

ಅವನ ಮೇಲೂ ಅವಳಿಗೆ ಸಿಟ್ಟು ಬಂತು. ಆದರೂ ಅವನ ಕಾಲರ್ ಸರಿಮಾಡಿ, ಗೇಟಿನವರೆಗೂ ಹೋದಳು.