ಪಕ್ಕದ ಸಾಲು

"ಖರೆ ಹೇಳ್ರಿ ಅಮ್ಮಾ, ಈ ಸಾಲಿಗೆ ಔಷಧಿ ಹೊಡದೀರಿಲ್ಲೋ?"

ಕಳೆ ಕೀಳುತ್ತಿದ್ದ ದೌಲತಬಿ ಸೊಂಟ ಹಿಡಿದುಕೊಂಡು ಎದ್ದಳು. "ನಾ ಯಾಕ ಹೊಡೀಲಿ?"

ವಿದ್ಯಾ ಮೆಣಸಿನ ಎಲೆಯನ್ನು ಮಗುಚಿ ನೋಡಿದಳು. ಸುಟ್ಟ ಕಲೆ ಒಂದೂ ಇಲ್ಲ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಕಣ್ಣಿಗೆ ಕಾಣದು, ಹೆಚ್ಚಾದರೆ ಎಲೆ ಸುಡುತ್ತದೆ. ಅದನ್ನೇ ದೀಪ ಕಟ್ಟಿ ಎಲ್ಲಾ ಸಾಲುಗಳ ಮೇಲೂ ಇನ್ನಷ್ಟು ಬಿಟ್ಟಿದ್ದಳು. ಕೆಲವು ಸಾಲಿಗೆ ಸುಡದಂತೆ ಕಾಯುವ ಗಿಡದ ಹಾರ್ಮೋನು, ಉಳಿದವಕ್ಕೆ ಬರೇ ನೀರು. ಎದುರಿಗಿದ್ದುದು ನೀರಿನ ಸಾಲು; ಅದು ಸುಟ್ಟರಷ್ಟೇ ಅವಳ ಪಿಎಚ್‌ಡಿ ಪ್ರಯೋಗಕ್ಕೆ ಅರ್ಥ. ಅದಕ್ಕೆಂದೇ ಶಿವಯೋಗ ಮಂದಿರದ ಹತ್ತಿರದ ಈ ಹೊಲವನ್ನು ದೌಲತಬಿಯಿಂದ ಕೇಳಿ ಪಡೆದಿದ್ದಳು.

ಮೊದಲ ದಿನವೇ ಮುದುಕಿ ಗೊಣಗಿದ್ದಳು: "ಒಬ್ಬರಿಗೆ ಉಣಿಸಿ, ಬಾಜೂಕಿದ್ದವರನ್ನ ಉಪಾಸ ಕೆಡವೂದು ಯಾ ನ್ಯಾಯ ಅಕ್ಕಾರ?" ಆಗ ವಿದ್ಯಾ ನಕ್ಕಿದ್ದಳು. ಈಗ ಆ ಮಾತು ಮುಳ್ಳಿನಂತೆ ಚುಚ್ಚಿತು. ಮೇಲಾಗಿ, ಪಂಪ್‌ಸೆಟ್ ಕೋಣೆಯಲ್ಲಿಟ್ಟಿದ್ದ ಹಾರ್ಮೋನಿನ ಬಾಟಲಿಯಲ್ಲಿ ಮಟ್ಟ ಇಳಿದಿತ್ತು. ಕೋಣೆಯ ಕೀಲಿ ಇದ್ದುದು ದೌಲತಬಿಯ ಸೆರಗಿನ ಗಂಟಿನಲ್ಲಿ.

"ಕರುಣೆ ಬಂದು ಹೊಡದಿದ್ರ ಹೇಳಿಬಿಡ್ರಿ. ಸಿಟ್ಟಾಗೂದಿಲ್ಲ."

"ಹೊಡದಿಲ್ಲ ಅಂದ್ನೆಲ್ಲಾ."

ವಿದ್ಯಾ ನಂಬಲಿಲ್ಲ. ದೌಲತಬಿಯ ಸಿಂಪರಣೆ ಪಂಪನ್ನು ತೆಗೆಸಿ ಮೂಸಿ ನೋಡಿದಳು. ಏನೂ ವಾಸನೆ ಇರಲಿಲ್ಲ. ತೊಳೆದಿಟ್ಟಿರಬೇಕು ಅಂದುಕೊಂಡಳು. ಅಲ್ಲಿಯೇ ನಿಂತು ತನ್ನ ಗೈಡಿಗೆ ಫೋನ್ ಹಚ್ಚಿದಳು. "ಸರ್, ಹೊಲದವರು ಕೈಯಾಡಿಸ್ಯಾರ. ಈ ಸಲ ಎಲ್ಲಾ ಕೆಟ್ಟಹೋತು."

ದೌಲತಬಿ ಕೇಳಿಸಿಕೊಂಡಳು. ಬಗ್ಗಿ ಮತ್ತೆ ಕಳೆ ಕೀಳತೊಡಗಿದಳು.

ಸಿಟ್ಟಿನಲ್ಲೇ ವಿದ್ಯಾ ದೀಪಗಳನ್ನು ಬಿಚ್ಚಲು ಹೊಲದ ಆ ತುದಿಗೆ ಹೋದಳು. ಅಲ್ಲಿ ಕಾಲು ನಿಂತುಬಿಟ್ಟವು. ಕೊನೆಯ ಸಾಲು ಕಂಚಿನ ಬಣ್ಣಕ್ಕೆ ತಿರುಗಿ ಮುರುಟಿತ್ತು. ಅದೂ ನೀರಿನ ಸಾಲೇ. ಕರುಣೆ ಇದ್ದವಳು ಇದನ್ನೇಕೆ ಬಿಟ್ಟಳು? ಒಂದೊಂದೇ ಸಾಲು ನೋಡುತ್ತ ಹಿಂದಕ್ಕೆ ಬಂದಳು. ಹಾರ್ಮೋನು ಹೊಡೆದ ಸಾಲಿಗೆ ಹತ್ತಿರವಾದಷ್ಟೂ ಎಲೆ ಹಸಿರು.

ಓಡಿಹೋಗಿ ದೌಲತಬಿಯಿಂದ ಕೀಲಿ ಪಡೆದು ಪಂಪ್‌ಸೆಟ್ ಕೋಣೆ ಹೊಕ್ಕಳು. ಒಳಗೆಲ್ಲ ಮಲ್ಲಿಗೆಯಂಥ ವಾಸನೆ. ಬಾಟಲಿಯ ಮುಚ್ಚಳ ಸಡಿಲಿತ್ತು. ಕೊನೆಯ ಸಲ ಅದನ್ನು ಮುಚ್ಚಿದವಳು ವಿದ್ಯಾಳೇ. ಈ ಹಾರ್ಮೋನು ಗಾಳಿಗೆ ಆರುವಂಥದ್ದು. ಹುಳ ಕಡಿದ ಗಿಡ ಇದನ್ನೇ ಗಾಳಿಗೆ ಬಿಡುತ್ತದೆ, ಬದಿಯ ಗಿಡ ಸುಳಿವು ಹಿಡಿದು ಮೈ ಗಟ್ಟಿ ಮಾಡಿಕೊಳ್ಳುತ್ತದೆ. ಪರೀಕ್ಷೆಗೆಂದು ಓದಿ ಬರೆದದ್ದೇ. ಎರಡು ಸಾಲಿನ ನಡುವೆ ಅಂತರ ಬಿಡುವಾಗ ಮಾತ್ರ ನೆನಪಾಗಿರಲಿಲ್ಲ.

ಹೊರಗೆ ಬಂದು ದೌಲತಬಿಯ ಎದುರು ನಿಂತಳು. "ಅಮ್ಮಾ, ತಪ್ಪು ನಂದು. ಔಷಧಿ ಗಾಳಿಗೆ ಹೋಗೇತಿ. ಗಿಡ ಗಿಡಕ್ಕ ಮುಟ್ಟಿಸ್ಯಾವು."

ದೌಲತಬಿ ಅವಳ ಮುಖವನ್ನೇ ದಿಟ್ಟಿಸಿದಳು. ಇದೂ ಒಂದು ಆಟವೇನೋ ಎಂಬಂತೆ. "ನನ್ನ ಮುಂದ ಹೇಳಿದ್ರ ಏನಾತು? ಆ ಸಾಹೇಬರಿಗೆ ಹೇಳ್ರಿ. ನಾ ಕೇಳೂ ಹಂಗ ಹೇಳ್ರಿ."

ವಿದ್ಯಾ ಮತ್ತೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿದಳು. ಮುಚ್ಚಳದ್ದು, ಅಂತರದ್ದು, ಹೊರಿಸಿದ ಸುಳ್ಳು ಅಪವಾದದ್ದು, ಒಂದನ್ನೂ ಬಿಡದೆ ಹೇಳಿದಳು. ಅಷ್ಟೂ ಹೊತ್ತು ದೌಲತಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊಲದಾಚೆಯ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದಳು.

ಮಾತು ಮುಗಿಯಿತು. ದೌಲತಬಿ ತಿರುಗಿ ನೋಡಲಿಲ್ಲ. ಸುಟ್ಟ ಸಾಲಿನ ತುದಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಮುರುಟಿದ ಎಲೆಗಳನ್ನು ಒಂದೊಂದಾಗಿ ಚಿವುಟಿ ಮಡಿಲಿಗೆ ಹಾಕಿಕೊಳ್ಳತೊಡಗಿದಳು.