ನೋಡದೆ ಮಾಡಿದ ಸ್ಟೌ

ನಮ್ಮ ಯಜಮಾನರು ರಾಮಾಂಜಿನಪ್ಪನವರಿಗೆ ಚಾಮರಾಜಪೇಟೆಯಲ್ಲಿ ಒಂದು ತಗಡಿನ ವರ್ಕ್‌ಶಾಪ್ ಇತ್ತು. ಎಪ್ಪತ್ತೆಂಟನೇ ಇಸವಿಯಲ್ಲಿ, ಸೀಮೆಎಣ್ಣೆಗೆ ಊರೆಲ್ಲ ಬಾಯಿ ಬಾಯಿ ಬಿಡುತ್ತಿದ್ದಾಗ, ಅರ್ಧ ಎಣ್ಣೆಯಲ್ಲೇ ಅಡುಗೆಯಾಗುವ ಬತ್ತಿ ಸ್ಟೌ ಮಾಡುತ್ತೇನೆಂದು ಹೊರಟರು. ಹೇಗಿರಬೇಕೆಂದು ಯಾರನ್ನು ಕೇಳಿದರು? ಪಕ್ಕದಂಗಡಿಯ ಬೈರಯ್ಯನವರನ್ನು, ಎಣ್ಣೆ ಡಿಪೋದವರನ್ನು. ಅವರ್ಯಾರೂ ಒಂದು ದಿನವಾದರೂ ಒಲೆ ಮುಂದೆ ಕೂತವರಲ್ಲ. ಎರಡು ಹೊತ್ತೂ ಬೇಯಿಸಿ ಹಾಕುವ ನಾನು ಮಾತ್ರ ಅವರ ಕಣ್ಣಿಗೇ ಬೀಳಲಿಲ್ಲ. ಕೋಪ ಬರದೆ ಇರುತ್ತದೆಯೇ?

ಶಾಖ ಹೊರಗೆ ಹೋಗದಿರಲೆಂದು ಸುತ್ತ ಎತ್ತರದ ತಗಡು ಕಟ್ಟಿ, ಪಾತ್ರೆ ಒಳಕ್ಕೆ ಕೂರುವ ಹಾಗೆ ಮಾಡಿದ್ದರು. ವರ್ಕ್‌ಶಾಪಿನ ಮೇಜಿನ ಮೇಲೆ ನೀರು ಕಾಯಿಸಿ, ಉದ್ದನೆಯ ಇಕ್ಕಳದಲ್ಲಿ ಪಾತ್ರೆ ಎತ್ತಿ, ತಾವೇ ಭೇಷ್ ಎಂದುಕೊಂಡರು.

ಒಂದು ಭಾನುವಾರ ಸ್ಟೌ ಮನೆಗೆ ಬಂತು. ಅತ್ತೆ ಪಿಳ್ಳಮ್ಮ ನೆಲದ ಮೇಲೆ ಮಣೆ ಹಾಕಿಕೊಂಡು ಕೂತು ಸಾರಿಗಿಟ್ಟರು. ಕುದಿ ಬಂದ ಕೂಡಲೇ, ಜನ್ಮವಿಡೀ ಮಾಡಿದ ಹಾಗೆ, ಸೆರಗನ್ನು ಎರಡೂ ಕೈಗೆ ಸುತ್ತಿಕೊಂಡು ಪಾತ್ರೆ ಎತ್ತಿದರು. ಎತ್ತಿದ್ದೇ ತಡ, ಒಳಗೆ ಅದುಮಿಕೊಂಡಿದ್ದ ಉರಿ ಭುಗ್ಗೆಂದು ಎದ್ದು ಸೆರಗಿಗೆ ಹತ್ತಿತು. ಪಾತ್ರೆ ಅತ್ತ ಉರುಳಿತು. ನಾನು ಬಿಂದಿಗೆಯಲ್ಲಿದ್ದ ನೀರನ್ನೆಲ್ಲ ಅವರ ಮೇಲೆ ಸುರಿದೆ. ಸೆರಗು ಹೋಯಿತು, ಅತ್ತೆ ಉಳಿದರು.

"ಇಕ್ಕಳ ತಗೋಬಾರ್ದಾ ಅಮ್ಮಾ?" ಎಂದು ಯಜಮಾನರು ರೇಗಿದರು.

ನನಗೆ ತಡೆಯಲಾಗಲಿಲ್ಲ. "ಇಕ್ಕಳ ಹುಡುಕ್ಕೊಂಡು ಯಾರ್ರೀ ಕೂತಿರ್ತಾರೆ? ಊರೆಲ್ಲಾ ಸೆರಗಲ್ಲೇ ಇಳ್ಸೋದು. ಹುಟ್ಟಿದಾಗ್ನಿಂದ ಅಮ್ಮನ ಕೈಯಡುಗೆ ಉಂಡ್ರಲ್ಲ, ಒಂದ್ಸಲನಾದ್ರೂ ಈ ಕಡೆ ತಿರುಗಿ ನೋಡಿದ್ರಾ?"

ಅವರು ಬಗ್ಗಿ ಸ್ಟೌ ಆರಿಸಿದರು. ಮುಖ ಬಿಳಿಚಿಕೊಂಡಿತು. "ಪಾರ್ವತಿಗೂ ಒಂದು ಕೊಟ್ಟು ಬಂದಿದೀನಿ ಕಣೇ. ಬೆಳಿಗ್ಗೇನೇ."

ವಿಶ್ವೇಶ್ವರಪುರದಲ್ಲಿದ್ದ ನಾದಿನಿ ಪಾರ್ವತಮ್ಮ ಆಗ ತುಂಬಿದ ಬಸುರಿ.

"ನನ್ನ ಬಿಡು, ಓಡೋ!" ಎಂದು ಅತ್ತೆ ಕಿರುಚಿದರು.

ಅವರು ಸೈಕಲ್ ಎಳೆದುಕೊಂಡರು, ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ಅವರು ಬೆಲ್ ಹೊಡೆಯುತ್ತಲೇ ಇದ್ದರು. ಇಷ್ಟು ಹೊತ್ತಿಗೆ ಊಟದ ವೇಳೆ, ಅನ್ನ ಇಳಿಸುವ ವೇಳೆ. ದೇವರೇ, ಅವಳು ಇನ್ನೂ ಒಲೆ ಹಚ್ಚದಿರಲಿ ಎಂದು ಬೇಡಿಕೊಂಡೆ.

ಅಡುಗೆಮನೆಯಲ್ಲಿ ಪಾರ್ವತಿ ನೆಲದ ಮೇಲೆ ಕೂತಿದ್ದಳು. ಕೈಗೆ ಸೆರಗು ಸುತ್ತಿಯಾಗಿತ್ತು. ಪಾತ್ರೆಯ ಕಡೆಗೆ ಬಗ್ಗಿದ್ದಳು.

"ಮುಟ್ಬೇಡ!" ಎಂದು ಯಜಮಾನರು ಬಾಗಿಲಿನಿಂದಲೇ ಕೂಗಿದರು.

ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದುಕೊಂಡಳು. ಇವರು ಚಪ್ಪಲಿ ಕಾಲಲ್ಲೇ ನುಗ್ಗಿ ಬತ್ತಿ ಇಳಿಸಿದರು. ಉರಿ ಪೂರ್ತಿ ಆರುವವರೆಗೂ ಅವಳ ಕೈ ಬಿಡಲಿಲ್ಲ. ಆಮೇಲೆ ಮಂಡಿಯೂರಿ ಕೂತು ಆ ಸೆರಗನ್ನು ಒಂದೊಂದೇ ಸುತ್ತು ಬಿಚ್ಚಿದರು.

"ದಿನಾ ಹಿಂಗೇ ಇಳ್ಸೋದಾ?"

"ಇನ್ನು ಹೆಂಗಣ್ಣಾ ಇಳ್ಸೋದು?" ಎಂದಳು ಪಾರ್ವತಿ. ಅವಳಿಗೆ ಏನೂ ಅರ್ಥವಾಗಿರಲಿಲ್ಲ.

ಯಜಮಾನರು ಅವಳ ಹೊಟ್ಟೆ ನೋಡಿದರು, ಸ್ಟೌ ನೋಡಿದರು, ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟರು. ನನ್ನ ಕೋಪ ಆಗಲೂ ಇಳಿದಿರಲಿಲ್ಲ. ಆದರೂ ಹೋಗಿ ಅವರ ಪಕ್ಕದಲ್ಲಿ ಕೂತೆ.